ಆಸ್ಟ್ರೇಲಿಯಾದಲ್ಲಿ ಇಪ್ಪತ್ತೆರಡು ದಿನ, ನಾವಿಬ್ಬರೇ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನನ್ನ ತಂದೆ ಯಾವಾಗಲೂ ಹೇಳುತ್ತಿದ್ದರು. ಕೋಶ ಓದುವುದು ನನಗೆ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ದೇಶ ಸುತ್ತುವುದೆಂದರೆ, ಮದುವೆಯಾಗಿ 26 ವರ್ಷಗಳಲ್ಲಿ ಧರ್ಮಸ್ಥಳ, ಶೃಂಗೇರಿ, ಒಂದು ಸಲ ತಿರುಪತಿ. ಅದೂ ಮನೆಮಂದಿಯೆಲ್ಲ ಸೇರಿ, ವ್ಯಾನು ಮಾಡಿಕೊಂಡು. ನಾನೂ ನಮ್ಮವರೂ ಇಬ್ಬರೇ ಎಲ್ಲಿಗಾದರೂ ಹೋದದ್ದಿದ್ದರೆ ಅದು ಶಿವಮೊಗ್ಗದ ಆಸ್ಪತ್ರೆಗೆ ಮಾತ್ರ. ಅಂಥ ನಾವು 2024ರ ಯುಗಾದಿ ಮುಗಿಸಿಕೊಂಡು ಆಸ್ಟ್ರೇಲಿಯಾಕ್ಕೆ ಹೋಗಿ, 22 ದಿನ ಸುತ್ತಿ ಬಂದೆವು ಎಂದರೆ ನಮ್ಮ ತೀರ್ಥಹಳ್ಳಿಯಲ್ಲಿ ಈಗಲೂ ಕೆಲವರು ನಂಬುವುದಿಲ್ಲ!

ನೋಡಿದ ಊರುಗಳ ವಿಷಯ ಬರೆಯಿರಿ ಎಂದು ಗೆಳತಿಯರು ಹೇಳಿದರು. ಬರೆಯುತ್ತೇನೆ. ಆದರೆ ಊರುಗಳ ಜೊತೆಗೆ ಇನ್ನೊಂದು ವಿಷಯವನ್ನೂ ಬರೆಯಬೇಕಾಗಿದೆ. ಅದನ್ನು ಬಿಟ್ಟರೆ ಈ ಪ್ರವಾಸದ ಕತೆ ಅರ್ಧ ಸುಳ್ಳಾಗುತ್ತದೆ.

ಹೊರಟದ್ದು ಹೇಗೆ?

ನಮ್ಮ ಅತ್ತೆಯವರು ಎಂಟು ವರ್ಷ ಹಾಸಿಗೆ ಹಿಡಿದಿದ್ದರು. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಹಗಲು ನನ್ನ ಪಾಳಿ. ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಇವರ ಪಾಳಿ. ಆಸ್ಪತ್ರೆಯ ಇಬ್ಬರು ನರ್ಸುಗಳ ಹಾಗೆ ನಾವು ಕೋಣೆಯ ಬಾಗಿಲಲ್ಲಿ ಎದುರಾಗುತ್ತಿದ್ದೆವು.

"ಮಾತ್ರೆ ಆಯ್ತಾ?"

"ಆಯ್ತು."

"ಗಂಜಿ?"

"ಅರ್ಧ ಲೋಟ."

ಎಂಟು ವರ್ಷ ಗಂಡ ಹೆಂಡತಿ ಆಡಿದ ಮಾತು ಇಷ್ಟೇ ಎಂದರೆ ಹೆಚ್ಚಲ್ಲ. 2023ರ ಫೆಬ್ರವರಿಯಲ್ಲಿ ಅತ್ತೆಯವರು ಹೋದರು. ಆಮೇಲೆ ಆ ಮಾತೂ ನಿಂತಿತು. ಅಂಗಡಿಯಲ್ಲಿ ಗಿರಾಕಿಗಳ ಹತ್ತಿರ ನಗುನಗುತ್ತಾ ಮಾತನಾಡುವವರು ಮನೆಗೆ ಬಂದರೆ ಟಿ.ವಿ. ಮುಂದೆ ಕೂತುಬಿಡುತ್ತಿದ್ದರು. ನನ್ನ ಮೇಲೆ ಯಾವುದಕ್ಕೋ ಸಿಟ್ಟು ಎಂದು ನಾನೂ ಸುಮ್ಮನಿದ್ದೆ. ಯಾವುದಕ್ಕೆ ಸಿಟ್ಟು ಎಂಬುದೂ ನನಗೆ ಗೊತ್ತು ಅಂದುಕೊಂಡಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ನನ್ನ ನಾದಿನಿ ಮೆಲ್ಬರ್ನಿನಲ್ಲಿದ್ದಾಳೆ. ತಾಯಿಯ ವರ್ಷಾಂತಿಕಕ್ಕೆ ಬಂದವಳು, "ಅತ್ತಿಗೆ, ಅಮ್ಮ ಇದ್ದಾಗ ನಿಮಗೆ ಹೊಸಿಲು ದಾಟೋಕೆ ಆಗ್ಲಿಲ್ಲ. ಈಗಲಾದರೂ ಇಬ್ಬರೂ ಬನ್ನಿ" ಎಂದು ಕೈ ಹಿಡಿದು ಕರೆದಳು. ಬೆಂಗಳೂರಿನಲ್ಲಿರುವ ಮಗ ವಿಮಾನದ ಟಿಕೆಟ್ಟು ತಾನು ಕೊಡಿಸುತ್ತೇನೆಂದ. "ಅತ್ತೆ ಮನೆಗೆ ಹೋಗಿ ಕೂತು ಬರಬೇಡಿ. ಮೊದಲು ನೀವಿಬ್ಬರೇ ಮೂರು ಊರು ನೋಡಿ" ಎಂದು ಅವನೇ ಹೋಟೆಲುಗಳನ್ನೂ ಗೊತ್ತು ಮಾಡಿದ. ಉಳಿದ ಖರ್ಚಿಗೆ ಅಂಗಡಿಯ ಉಳಿತಾಯ ಸ್ವಲ್ಪ, ನನ್ನ ಚೀಟಿಯ ದುಡ್ಡು ಸ್ವಲ್ಪ. ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರಿ 11 ವರ್ಷ ಕೂಡಿಟ್ಟ ದುಡ್ಡು ಅದು. ಒಂದು ಜೊತೆ ಬಂಗಾರದ ಬಳೆ ಮಾಡಿಸಬೇಕೆಂದಿದ್ದೆ. ಬಳೆ ಎಲ್ಲಿ ಹೋಗುತ್ತದೆ, ಮುಂದೆ ಮಾಡಿಸಿದರಾಯಿತು ಎಂದುಕೊಂಡೆ. ಓಣಿಯಲ್ಲಿ ಮಾತು ಬಂದೇ ಬಂತು: "ಅತ್ತೆ ಹೋಗಿ ವರ್ಷ ಆಗಿದೆಯೋ ಇಲ್ಲವೋ, ಆಗಲೇ ವಿಮಾನ!" ಕೇಳಿಸಿದರೂ ಕೇಳಿಸದ ಹಾಗೆ ಇದ್ದೆ.

ಕರಿಬೇವಿನ ಪ್ರಸಂಗ

ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ 2022ರಲ್ಲಿ ಶುರುವಾಯಿತು. ನಾವು ಹೋದದ್ದು ಅದರಲ್ಲೇ. ಹನ್ನೊಂದು ಹನ್ನೆರಡು ಗಂಟೆಯ ಪ್ರಯಾಣ. ಇಳಿಯುವ ಮುಂಚೆ ಒಂದು ಫಾರಂ ಕೊಡುತ್ತಾರೆ. ತಿನ್ನುವ ಪದಾರ್ಥ, ಬೀಜ, ಗಿಡದ ಭಾಗ ಏನಾದರೂ ತಂದಿದ್ದೀರಾ ಎಂಬ ಪ್ರಶ್ನೆ ಅದರಲ್ಲಿದೆ. ನನ್ನ ಚೀಲದಲ್ಲಿ ಚಟ್ನಿಪುಡಿ, ಸಾರಿನಪುಡಿ, ಹುರಿದ ಅವಲಕ್ಕಿ, ಮತ್ತೆ ನಾದಿನಿಗೆಂದು ಒದ್ದೆಬಟ್ಟೆಯಲ್ಲಿ ಸುತ್ತಿದ ಹಿತ್ತಲಿನ ಕರಿಬೇವು.

"ಇಲ್ಲ ಅಂತ ಗೀಚಿಬಿಡು, ಯಾರು ನೋಡ್ತಾರೆ" ಅಂದರು ಇವರು.

ನನ್ನ ಮನಸ್ಸು ಒಪ್ಪಲಿಲ್ಲ. ಮಗ ಮೊದಲೇ ಎಚ್ಚರಿಸಿದ್ದ. ಆ ದೇಶ ನಾಲ್ಕೂ ಕಡೆ ಸಮುದ್ರದಿಂದ ಸುತ್ತಿದ ದ್ವೀಪ. ಹೊರಗಿನ ಹುಳ, ರೋಗ ಬಂದು ಅಲ್ಲಿನ ಬೆಳೆಗೆ ತಗುಲಬಾರದೆಂದು ಬಹಳ ಬಿಗಿ. ಹೇಳಿಕೊಂಡರೆ ಪರೀಕ್ಷಿಸಿ ಬಿಡುತ್ತಾರೆ, ಮುಚ್ಚಿಟ್ಟರೆ ದಂಡ. ನಾನು "ಹೌದು" ಎಂಬಲ್ಲಿ ಗುರುತು ಹಾಕಿದೆ. ಮದುವೆಯಾದ ಮೇಲೆ ಸರ್ಕಾರಿ ಕಾಗದವೊಂದರಲ್ಲಿ ಇವರು ಹೇಳಿದ್ದಕ್ಕೆ ವಿರುದ್ಧವಾಗಿ ನಾನು ಬರೆದದ್ದು ಅದೇ ಮೊದಲು!

ತಪಾಸಣೆಯ ಹೆಂಗಸು ಡಬ್ಬಿಗಳನ್ನೆಲ್ಲ ಬಿಚ್ಚಿ ನೋಡಿದಳು. ಪುಡಿಗಳನ್ನೂ ಅವಲಕ್ಕಿಯನ್ನೂ ಬಿಟ್ಟಳು. ಹಸಿ ಕರಿಬೇವನ್ನು ಮಾತ್ರ ತೆಗೆದು ತೊಟ್ಟಿಗೆ ಹಾಕಿದಳು. "ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್" ಅಂದಳು. ನಮ್ಮ ಪಕ್ಕದ ಸಾಲಿನಲ್ಲಿ ಯಾರದೋ ಚೀಲ ತೆಗೆಸಿ ಗಂಟೆಗಟ್ಟಲೆ ವಿಚಾರಣೆ ನಡೆದಿತ್ತು. ಇವರು ಏನೂ ಅನ್ನಲಿಲ್ಲ. ಹೊರಗೆ ಬಂದ ಮೇಲೆ ದೊಡ್ಡ ಪೆಟ್ಟಿಗೆಯನ್ನು ತಾವೇ ಎಳೆದುಕೊಂಡರು.

ಸಿಡ್ನಿಯಲ್ಲಿ ನಾಲ್ಕು ದಿನ

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಮುಂದೆ. ಋತುಗಳು ತಿರುವುಮುರುವು. ನಮ್ಮಲ್ಲಿ ಬೇಸಿಗೆಯಾದರೆ ಅಲ್ಲಿ ಎಲೆ ಉದುರುವ ಕಾಲ. ದೇಶ ನಮ್ಮ ಭಾರತಕ್ಕಿಂತ ಎರಡು ಪಟ್ಟಿಗೂ ದೊಡ್ಡದು. ಜನ ಮಾತ್ರ ಸುಮಾರು ಎರಡೂ ಮುಕ್ಕಾಲು ಕೋಟಿ. ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲ! ರಸ್ತೆಗಳಲ್ಲಿ ಯಾರೂ ಇಲ್ಲವಲ್ಲ ಎಂದು ಮೊದಮೊದಲು ಹೆದರಿಕೆಯಾಗುತ್ತಿತ್ತು.

ಒಂದು ಡಾಲರಿಗೆ ಆಗ ಸುಮಾರು 55 ರೂಪಾಯಿ. ಇವರು ಅಂಗಡಿಯವರಲ್ಲವೇ, ಕಂಡದ್ದನ್ನೆಲ್ಲ 55ರಿಂದ ಗುಣಿಸುತ್ತಿದ್ದರು. ಒಂದು ಲೋಟ ಕಾಫಿಗೆ 5 ಡಾಲರ್. "275 ರೂಪಾಯಿ! ಊರಲ್ಲಿ ಇಷ್ಟು ದುಡ್ಡಿಗೆ ಎಷ್ಟೊಂದು ಕಾಫಿಪುಡಿ ಬರ್ತಿತ್ತು" ಎಂದು ಲೋಟವನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು. ಎರಡನೆಯ ದಿನದಿಂದ ನಾನು ಹೋಟೆಲಿನ ಕೆಟಲ್‌ನಲ್ಲಿ ನೀರು ಕಾಯಿಸಿ, ಮನೆಯಿಂದ ತಂದ ಪುಡಿಯಿಂದ ಕಾಫಿ ಮಾಡತೊಡಗಿದೆ.

ಒಪೆರಾ ಹೌಸ್ ಎಂಬ ಕಟ್ಟಡವನ್ನು ಕ್ಯಾಲೆಂಡರುಗಳಲ್ಲಿ ನೀವೂ ನೋಡಿರುತ್ತೀರಿ. ಸಮುದ್ರದ ದಡದಲ್ಲಿ ಬಿಳಿಯ ಹಾಯಿಗಳ ಹಾಗೆ ನಿಂತಿದೆ. ಹತ್ತಿರ ಹೋದರೆ ಅದು ಒಂದೇ ಬಿಳುಪಲ್ಲ, ಹತ್ತು ಲಕ್ಷಕ್ಕೂ ಹೆಚ್ಚು ಸಣ್ಣ ಹೆಂಚುಬಿಲ್ಲೆಗಳನ್ನು ಅಂಟಿಸಿದ್ದಾರೆ. ಅದರ ನಕ್ಷೆ ಮಾಡಿದವರು ಡೆನ್ಮಾರ್ಕಿನ ಯೋರ್ನ್ ಉಟ್ಸೋನ್. ಕೆಲಸ ನಡೆದಿರುವಾಗಲೇ ಸರ್ಕಾರದ ಜೊತೆ ಮನಸ್ತಾಪವಾಗಿ 1966ರಲ್ಲಿ ದೇಶ ಬಿಟ್ಟು ಹೋದರಂತೆ. 1973ರಲ್ಲಿ ಕಟ್ಟಡ ಉದ್ಘಾಟನೆಯಾಯಿತು. ಅವರು ಮಾತ್ರ ತಮ್ಮ ಕೈಕೆಲಸವನ್ನು ನೋಡಲು ಮರಳಿ ಬರಲೇ ಇಲ್ಲ. ಇದನ್ನು ಕೇಳಿ ನನಗೆ ಏಕೋ ಕಸಿವಿಸಿಯಾಯಿತು. ಮಾತು ಬಿಟ್ಟರೆ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ಒಂದು ದಿನ ರೈಲಿನಲ್ಲಿ ಎರಡು ಗಂಟೆ ದೂರದ ಕಟೂಂಬಾಕ್ಕೆ ಹೋದೆವು. ಅಲ್ಲಿ ಬ್ಲೂ ಮೌಂಟನ್ಸ್, ಅಂದರೆ ನೀಲಿ ಬೆಟ್ಟಗಳಿವೆ. ಕಣಿವೆಯ ತುಂಬ ನೀಲಗಿರಿ ಮರಗಳು. ಆ ಎಲೆಗಳಿಂದ ಏಳುವ ಎಣ್ಣೆಯ ಆವಿಯಿಂದಲೇ ಬೆಟ್ಟ ನೀಲಿಯಾಗಿ ಕಾಣುತ್ತದೆಯಂತೆ. ನಮ್ಮಲ್ಲೂ ಆ ಮರಕ್ಕೆ ನೀಲಗಿರಿ ಎಂದೇ ಹೆಸರಲ್ಲವೇ! ನಮ್ಮ ಮಲೆನಾಡಿನಲ್ಲಿ ಅರಣ್ಯ ಇಲಾಖೆಯವರು ನೆಟ್ಟ ನೀಲಗಿರಿ, ಅಕೇಶಿಯಾ ಎರಡರ ತವರೂ ಆ ದೇಶವೇ. ನಮ್ಮ ಕಾಡನ್ನು ನುಂಗಿದ ಮರ ಎಂದು ನಾನು ಬೈಯುತ್ತಿದ್ದೆ. ಅದರದೇ ಊರಿನಲ್ಲಿ, ಅದರದೇ ಹಕ್ಕಿಗಳ ಜೊತೆ ನೋಡಿದಾಗ ಬೈಯುವ ಮನಸ್ಸಾಗಲಿಲ್ಲ.

ಹಿಂತಿರುಗುವಾಗ ತಪ್ಪು ಪ್ಲಾಟ್‌ಫಾರಂಗೆ ಹೋಗಿ ನಿಂತಿದ್ದೆವು. ಇವರ ಫೋನಿನಲ್ಲಿ ಸಿಗ್ನಲ್ ಇಲ್ಲ. "ಯಾರನ್ನಾದರೂ ಕೇಳಿ" ಅಂದೆ. ಸಂಕೋಚ. ಕೊನೆಗೆ ನಾನೇ ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ಕೇಳಿದೆ. ಆಕೆ ನಮ್ಮ ಜೊತೆಗೇ ನಡೆದು ಬಂದು ಸರಿಯಾದ ಕಡೆ ನಿಲ್ಲಿಸಿ ಹೋದಳು. ಅಂದಿನಿಂದ ದಾರಿ ಕೇಳುವ ಕೆಲಸ ನನ್ನದಾಯಿತು.

ಹತ್ತಬಾರದ ಬಂಡೆ

ಸಿಡ್ನಿಯಿಂದ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆ ಹಾರಿದರೆ ದೇಶದ ನಡುಮಧ್ಯ. ಕಣ್ಣು ಹಾಯುವಷ್ಟು ದೂರವೂ ಕೆಂಪು ಮಣ್ಣು. ಅದರ ನಡುವೆ ಉಲುರು ಎಂಬ ಒಂದೇ ಒಂದು ಬಂಡೆ. ಎತ್ತರ 348 ಮೀಟರ್. ಸುತ್ತ ನಡೆದರೆ ಹತ್ತಿರ ಹತ್ತಿರ 10 ಕಿಲೋಮೀಟರ್. ಮಧುಗಿರಿಯ ಏಕಶಿಲಾ ಬೆಟ್ಟ ನೋಡಿದವರು ಅದನ್ನೇ ಬಯಲಿನಲ್ಲಿ ಒಂಟಿಯಾಗಿ ಮಲಗಿಸಿದಂತೆ ಊಹಿಸಿಕೊಳ್ಳಬಹುದು. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಗಾಳಿ ನೀರಿಗೆ ತುಕ್ಕು ಹಿಡಿದು ಕೆಂಪಾಗಿದೆ. ನಮ್ಮ ಕಬ್ಬಿಣದ ಬಾಣಲೆಯನ್ನು ಒರೆಸದೆ ಇಟ್ಟರೆ ಆಗುವುದಿಲ್ಲವೇ, ಹಾಗೆ.

ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಅದು ಪವಿತ್ರ ಸ್ಥಳ. 1873ರಲ್ಲಿ ಬಿಳಿಯ ಸರ್ವೆಯವನೊಬ್ಬ ಅದಕ್ಕೆ ಏಯರ್ಸ್ ರಾಕ್ ಎಂದು ಹೆಸರಿಟ್ಟ. ಆಮೇಲೆ ಪ್ರವಾಸಿಗರು ಸರಪಳಿ ಹಿಡಿದು ಹತ್ತಲು ಶುರುಮಾಡಿದರು. ದಯವಿಟ್ಟು ಹತ್ತಬೇಡಿ ಎಂದು ಆ ಜನ ಬೇಡುತ್ತಲೇ ಇದ್ದರು. 1985ರಲ್ಲಿ ಸರ್ಕಾರ ಆ ಜಾಗವನ್ನು ಅವರಿಗೆ ಮರಳಿ ಕೊಟ್ಟಿತು. 2019ರ ಅಕ್ಟೋಬರಿನಲ್ಲಿ ಹತ್ತುವುದನ್ನು ಪೂರ್ತಿ ನಿಲ್ಲಿಸಿದರು. ಈಗ ಸುತ್ತ ನಡೆಯಬಹುದು. ಕೆಲವು ಕಡೆ ಫೋಟೋ ತೆಗೆಯಬಾರದೆಂದು ಫಲಕ ಹಾಕಿದ್ದಾರೆ. ನಮ್ಮ ಗರ್ಭಗುಡಿಯ ಹಾಗೆಯೇ.

ನೊಣಗಳ ಕಾಟ ಮಾತ್ರ ಹೇಳತೀರದು. ಮುಖಕ್ಕೆ ಬಲೆಯ ಟೋಪಿ ಹಾಕಿಕೊಂಡೆವು. ಜೇನು ಕೀಳಲು ಹೊರಟವರ ಹಾಗೆ ಕಾಣುತ್ತಿದ್ದೆವು.

ಹೋದ ದಿನ ಸಂಜೆ ನಮ್ಮಿಬ್ಬರಿಗೆ ಜಗಳವಾಯಿತು. ಊಟ ಸರಿಹೋಗಿರಲಿಲ್ಲ, ಬಿಸಿಲಿಗೆ ತಲೆನೋವು. "ಇಷ್ಟು ದುಡ್ಡು ಸುರಿದು ಒಂದು ಬಂಡೆ ನೋಡೋಕೆ ಬರಬೇಕಿತ್ತಾ?" ಅಂದರು. "ನಿಮ್ಮ ದುಡ್ಡಲ್ಲ, ನನ್ನ ಬಳೆ ದುಡ್ಡು" ಅಂದುಬಿಟ್ಟೆ. ಆ ರಾತ್ರಿ ಇಬ್ಬರೂ ಗೋಡೆ ಕಡೆ ಮುಖ ಮಾಡಿ ಮಲಗಿದೆವು. ಊರಿನಲ್ಲಾದರೆ ಅವರು ಅಂಗಡಿಗೆ ಹೋಗುತ್ತಿದ್ದರು, ನಾನು ಅಡಿಗೆಮನೆಗೆ. ಅಲ್ಲಿ ಎಲ್ಲಿಗೆ ಹೋಗುವುದು? ಮಾತು ಬಲ್ಲವರು ಸುತ್ತ ಯಾರೂ ಇಲ್ಲ. ಇರುವುದು ಒಂದೇ ಕೋಣೆ.

ಬೆಳಿಗ್ಗೆ ಎಂಟಕ್ಕೆ ಬಸ್ಸು ಬಂಡೆಯ ಬುಡದಲ್ಲಿ ಇಳಿಸಿತು. ಬಲಕ್ಕೆ ಸುತ್ತುವ ದಾರಿ, ನಾವು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಹಾಗೆಯೇ. ಇವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಒಂದು ಗಂಟೆ ಹೀಗೇ ನಡೆದೆವು. ಬಂಡೆಯ ಮೈಯಲ್ಲಿ ಗುಹೆಗಳು, ನೀರು ಹರಿದ ಕಪ್ಪು ಗೆರೆಗಳು. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ದಾರಿಯಲ್ಲಿ ನೆರಳಿಗೆ ಒಂದು ಬೆಂಚು ಇತ್ತು. ಇವರು ಕೂತರು. ನಾನು ನೀರಿನ ಬಾಟಲಿ ಕೊಟ್ಟೆ. ಬಲೆಯ ಟೋಪಿ ತೆಗೆದರು. ಕಣ್ಣು ಕೆಂಪಾಗಿತ್ತು.

"ಅವತ್ತು ರಾತ್ರಿ ನನ್ನ ಪಾಳಿ" ಅಂದರು. "ನಾನು ನಿದ್ದೆ ಹೋದೆ. ಅಮ್ಮ ಕರೆದಿರಬೇಕು. ನಂಗೆ ಕೇಳಿಸ್ಲಿಲ್ಲ. ಬೆಳಿಗ್ಗೆ ನೀನು ಬಂದು ಎಬ್ಬಿಸಿದಾಗ ಎಲ್ಲ ಮುಗಿದಿತ್ತು. ನೀನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು."

ನನಗೆ ಮಾತೇ ಹೊರಡಲಿಲ್ಲ. ಹದಿನಾಲ್ಕು ತಿಂಗಳು ಇವರು ಇದನ್ನು ಒಳಗೆ ಇಟ್ಟುಕೊಂಡಿದ್ದರೇ? ಆಮೇಲೆ ನನ್ನದನ್ನೂ ಹೇಳಿದೆ. ಆ ಸಂಜೆ ಗಂಜಿ ಉಗುಳಿದರೆಂದು ನಾನು ಅತ್ತೆಯವರನ್ನು ಗದರಿದ್ದೆ. "ನಿಮ್ಮ ಚಾಕರಿ ಮಾಡಿ ಮಾಡಿ ನನ್ನ ಜೀವನವೇ ಮುಗಿದುಹೋಯ್ತು" ಅಂದಿದ್ದೆ. ಅಷ್ಟು ಹೊತ್ತಿಗೆ ಇವರು ಅಂಗಡಿಯಿಂದ ಬಂದು ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದರು. ಕೇಳಿಸಿಕೊಂಡಿದ್ದಾರೆ, ಅದಕ್ಕೇ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ ಎಂದು ನಾನು ನಂಬಿದ್ದೆ.

ಇವರು ನನ್ನ ಮುಖ ನೋಡಿದರು. "ನಂಗೆ ಏನೂ ಕೇಳಿಸಿರಲಿಲ್ಲ ಮಾರಾಯ್ತಿ" ಅಂದರು.

ಇಬ್ಬರೂ ಅತ್ತೆವು. ನಡೆದು ಹೋಗುತ್ತಿದ್ದ ಒಬ್ಬ ಹುಡುಗಿ ನಿಂತು, ಏನಾದರೂ ತೊಂದರೆಯೇ ಎಂದು ಕೇಳಿದಳು. ಇಲ್ಲ ಇಲ್ಲ ಎಂದು ಇವರೇ ಇಂಗ್ಲಿಷಿನಲ್ಲಿ ಹೇಳಿ ಕಳಿಸಿದರು. ಉಳಿದ ಅರ್ಧ ಪ್ರದಕ್ಷಿಣೆಯನ್ನು ಜೊತೆಜೊತೆಯಾಗಿ ನಡೆದೆವು. ಅತ್ತೆಯವರ ವಿಷಯವನ್ನೇ ಮಾತನಾಡುತ್ತಾ, ಅವರು ಗಟ್ಟಿಮುಟ್ಟಾಗಿದ್ದಾಗಿನ ತಮಾಷೆಗಳನ್ನು ನೆನೆಯುತ್ತಾ. ಎಲ್ಲ ಸೇರಿ ನಾಲ್ಕು ಗಂಟೆ ಹಿಡಿಯಿತು. ಸಾಯುವ ರಾತ್ರಿ ಯಾರು ಎಚ್ಚರಿದ್ದರೂ ಅವರು ಉಳಿಯುತ್ತಿದ್ದರೆಂದು ಹೇಳಲು ಯಾರಿಗೂ ಆಗದು. ಅದನ್ನು ನಾನು ಇವರಿಗೆ ಹೇಳಿದೆ, ಇವರು ನನಗೆ ಹೇಳಿದರು.

ಹವಳದ ಸಮುದ್ರ

ಅಲ್ಲಿಂದ ಕೈರ್ನ್ಸ್ ಎಂಬ ಕಡಲೂರಿಗೆ ಹೋದೆವು. ಬಿಸಿ, ಸೆಕೆ, ಕಬ್ಬಿನ ಗದ್ದೆ, ಬಾಳೆತೋಟ, ಮಾವಿನಮರ. ನಮ್ಮ ಕರಾವಳಿಗೇ ಬಂದಂತಾಯಿತು. ಅಲ್ಲಿನ ಸಮುದ್ರದಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲು ಸುಮಾರು 2,300 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ದೋಣಿಯಲ್ಲಿ ಮುಕ್ಕಾಲು ಗಂಟೆ ಹೋಗಿ ಗ್ರೀನ್ ಐಲೆಂಡ್ ಎಂಬ ಸಣ್ಣ ದ್ವೀಪದಲ್ಲಿ ಇಳಿದೆವು. ಈಜು ಬಾರದ ನನ್ನಂಥವರಿಗೆ ತಳಕ್ಕೆ ಗಾಜು ಹಾಕಿದ ದೋಣಿ ಇದೆ. ಕಾಲಡಿಯಲ್ಲೇ ಬಣ್ಣಬಣ್ಣದ ಮೀನುಗಳು, ಆಮೆ, ಹವಳದ ಪೊದೆಗಳು.

ಹವಳವೆಂದರೆ ಕಲ್ಲು ಎಂದೇ ನಾನು ತಿಳಿದಿದ್ದೆ. ಅಲ್ಲವಂತೆ, ಅದು ಪುಟ್ಟಪುಟ್ಟ ಜೀವಿಗಳ ಮನೆ. ಆ ಜೀವಿಗಳ ಮೈಯೊಳಗೆ ಒಂದು ಬಗೆಯ ಪಾಚಿ ಇರುತ್ತದೆ. ಅದೇ ಅವಕ್ಕೆ ಆಹಾರ ಕೊಡುತ್ತದೆ, ಬಣ್ಣವನ್ನೂ ಕೊಡುತ್ತದೆ. ಸಮುದ್ರದ ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಕ್ಕೆ ಹಾಕಿ ಬೆಳ್ಳಗಾಗುತ್ತದೆ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಸಾಯುತ್ತದೆ. 2016ರಿಂದ ಈಚೆಗೆ ಐದನೆಯ ಸಲ ಹೀಗೆ ದೊಡ್ಡ ಪ್ರಮಾಣದಲ್ಲಿ ಆಗಿದ್ದು 2024ರಲ್ಲೇ. ನಾವು ಹೋದಾಗ ಬಣ್ಣದ ನಡುನಡುವೆ ಬಿಳಿಯ ಪೊದೆಗಳೂ ಕಂಡವು. ನೋಡಲು ಬೆಳದಿಂಗಳ ಹಾಗೆ ಚೆಂದ. ಆದರೆ ಅದು ಕಾಯಿಲೆಯ ಬಿಳುಪು ಎಂದು ಗೊತ್ತಾದ ಮೇಲೆ ಚೆಂದ ಅನ್ನಿಸಲಿಲ್ಲ.

ಆ ಸಮುದ್ರದಲ್ಲಿ ನವೆಂಬರಿನಿಂದ ಮೇವರೆಗೆ ಚುಚ್ಚುವ ಲೋಳೆಮೀನುಗಳ ಭಯ. ನೀರಿಗೆ ಇಳಿಯುವವರು ತಲೆಯಿಂದ ಕಾಲಿನವರೆಗೆ ಬಿಗಿಯಾದ ಅಂಗಿ ಹಾಕಿಕೊಳ್ಳಬೇಕು. 54 ವರ್ಷದ ನಮ್ಮವರು, ಪಂಚೆ ಬಿಟ್ಟು ಪ್ಯಾಂಟು ಹಾಕಲೂ ಗೊಣಗುವವರು, ಆ ನೀಲಿ ಅಂಗಿ ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತರು. ಹೊಟ್ಟೆ ಮುಂದೆ, ತಲೆಗೆ ಕುಲಾವಿ. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು. "ಮಗನಿಗೆ ಫೋಟೋ ಕಳಿಸಿದ್ರೆ ನೋಡು ಮತ್ತೆ" ಎಂದು ಗದರಿದರು. ಕಳಿಸಿದೆ!

ಮೆಲ್ಬರ್ನ್, ನಾದಿನಿಯ ಮನೆ

ಮೆಲ್ಬರ್ನಿನಲ್ಲಿ ಚಳಿ. ರಸ್ತೆಬದಿಯ ಮರಗಳೆಲ್ಲ ಅರಿಶಿನ, ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ಟ್ರಾಮ್ ಬಂಡಿಗಳಲ್ಲಿ ಊರು ಸುತ್ತಿದೆವು. 1878ರಿಂದ ನಡೆದುಬಂದ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದೆವು.

ನಾದಿನಿ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ತಾಯಿ ಹೋದಾಗ ಅವಳು ಬಂದು ಮುಟ್ಟಿದ್ದು ಮೂರನೆಯ ದಿನ. ಮುಖ ನೋಡಲು ಸಿಗಲಿಲ್ಲ. ಅತ್ತೆಯವರ ಒಂದು ಹಳೆಯ ನೂಲಿನ ಸೀರೆಯನ್ನು ಅವಳಿಗೆಂದು ನಾನು ಒಯ್ದಿದ್ದೆ. ಅದನ್ನು ಮಡಿಲಲ್ಲಿ ಇಟ್ಟುಕೊಂಡು, "ಬೇರೆಯವರ ಅಮ್ಮಂದಿರಿಗೆ ದಿನಾ ತುತ್ತು ಕೊಡ್ತೀನಿ ಅತ್ತಿಗೆ. ನನ್ನ ಅಮ್ಮನಿಗೆ ಒಂದು ತುತ್ತು ಕೊಡೋಕೆ ಆಗ್ಲಿಲ್ಲ" ಎಂದು ಬಿಕ್ಕಿದಳು. ಆಗ ಇವರು, ಯಾರ ಮುಂದೆಯೂ ಬಾಯಿ ಬಿಡದವರು, ಆ ರಾತ್ರಿಯ ವಿಷಯವನ್ನು ತಂಗಿಗೆ ತಾವಾಗಿ ಹೇಳಿದರು. "ಅಣ್ಣ, ಎಂಟು ವರ್ಷ ಎಚ್ಚರ ಇದ್ದವನು ನೀನು. ಒಂದು ರಾತ್ರಿ ಲೆಕ್ಕ ಇಟ್ಕೊಂಡಿದೀಯಲ್ಲ" ಅಂದಳು ಅವಳು. ನಾನು ಒಳಗೆ ಹೋಗಿ ಕಾಫಿ ಬೆರೆಸಿದೆ.

ನಾದಿನಿ, ಅವಳ ಗಂಡ ಕಾರಿನಲ್ಲಿ ಗ್ರೇಟ್ ಓಷನ್ ರೋಡಿಗೆ ಕರೆದುಕೊಂಡು ಹೋದರು. ಸಮುದ್ರದ ಅಂಚಿನಲ್ಲೇ ಸಾಗುವ 243 ಕಿಲೋಮೀಟರ್ ರಸ್ತೆ. ಮೊದಲ ಮಹಾಯುದ್ಧದಿಂದ ಮರಳಿ ಬಂದ ಸೈನಿಕರು, ಸತ್ತ ಜೊತೆಗಾರರ ನೆನಪಿಗೆಂದು 1919ರಿಂದ 1932ರವರೆಗೆ ಗುದ್ದಲಿ ಹಾರೆಗಳಿಂದ ಕಡಿದು ಮಾಡಿದ್ದು. ಕೊನೆಯಲ್ಲಿ ಸಮುದ್ರದೊಳಗೆ ಸುಣ್ಣಕಲ್ಲಿನ ಕಂಬಗಳು ನಿಂತಿವೆ. ಅವಕ್ಕೆ ಹನ್ನೆರಡು ಶಿಷ್ಯರು ಎಂದು ಹೆಸರು, ಇರುವುದು ಮಾತ್ರ ಹನ್ನೆರಡಲ್ಲ. ಅಲೆ ಹೊಡೆದು ಹೊಡೆದು 2005ರಲ್ಲೂ ಒಂದು ಕುಸಿದುಬಿತ್ತು.

ಇನ್ನೊಂದು ಸಂಜೆ ಫಿಲಿಪ್ ಐಲೆಂಡಿನಲ್ಲಿ ಪೆಂಗ್ವಿನ್ ನೋಡಿದೆವು. ಒಂದು ಅಡಿಗಿಂತ ಸ್ವಲ್ಪ ಎತ್ತರದ ಪುಟಾಣಿಗಳು. ಹಗಲೆಲ್ಲ ಸಮುದ್ರದಲ್ಲಿ ಮೀನು ಹಿಡಿದು, ಕತ್ತಲಾಗುತ್ತಲೇ ಗುಂಪುಗುಂಪಾಗಿ ದಡಕ್ಕೆ ಬಂದು, ತೂಗಾಡುತ್ತಾ ತಮ್ಮ ತಮ್ಮ ಬಿಲಗಳಿಗೆ ನಡೆಯುತ್ತವೆ. ಶಾಲೆ ಬಿಟ್ಟ ಮಕ್ಕಳ ಹಾಗೆ. ಬೆಳಕಿಗೆ ಅವು ಬೆದರುತ್ತವೆಂದು ಫೋಟೋ ತೆಗೆಯಲು ಬಿಡುವುದಿಲ್ಲ. ಕೊರೆಯುವ ಗಾಳಿಗೆ ನಾನು ನಡುಗುತ್ತಿದ್ದೆ. ಇವರು ತಮ್ಮ ಶಾಲನ್ನು ತೆಗೆದು ನನಗೆ ಹೊದಿಸಿದರು. ನಾದಿನಿ ನೋಡಿ ಮುಖ ಆಚೆ ತಿರುಗಿಸಿಕೊಂಡು ನಕ್ಕಳು. 26 ವರ್ಷದಲ್ಲಿ ನಾಲ್ಕು ಜನರ ಎದುರು ಹಾಗೆ ಮಾಡಿದವರಲ್ಲ.

ಏಪ್ರಿಲ್ 25 ಅವರಿಗೆ ಆನ್ಜಾಕ್ ದಿನ. ಯುದ್ಧದಲ್ಲಿ ಸತ್ತವರನ್ನು ಬೆಳಗಿನ ಜಾವದಲ್ಲೇ ಎದ್ದು ಸ್ಮರಿಸುತ್ತಾರೆ. ಪಕ್ಕದ ಮನೆಯ ಅಜ್ಜಿ ಆ ದಿನದ ಬಿಸ್ಕತ್ತು ತಂದುಕೊಟ್ಟಳು. ಮೊಟ್ಟೆ ಇಲ್ಲದ್ದು ಎಂದು ತಿಳಿದು ನನಗೆ ಖುಷಿಯಾಯಿತು. ವಿಧಾನ ಕೆಳಗೆ ಕೊಟ್ಟಿದ್ದೇನೆ.

ಮರಳಿ ಮನೆಗೆ

ಮೆಲ್ಬರ್ನಿನಿಂದ ಸಿಡ್ನಿಗೆ ಹಗಲು ರೈಲಿನಲ್ಲಿ ಬಂದೆವು. ಸುಮಾರು 11 ಗಂಟೆ. ನಾದಿನಿ ಕಟ್ಟಿಕೊಟ್ಟ ಚಪಾತಿ, ಪಲ್ಯ, ಮೊಸರನ್ನ. ಕಿಟಕಿಯಾಚೆ ಕುರಿಗಳು, ಒಣ ಹುಲ್ಲುಗಾವಲು, ಅಲ್ಲಲ್ಲಿ ಕಾಂಗರೂ. ಇವರು ಮಾತನಾಡುತ್ತಲೇ ಇದ್ದರು. ಅಂಗಡಿಗೆ ಬಂದ ಗಿರಾಕಿಗಳ ಕತೆ, ತಮ್ಮ ಬಾಲ್ಯದ ಕತೆ. ಇಷ್ಟು ಮಾತು ಇವರಲ್ಲಿತ್ತೇ ಎಂದು ನಾನು ಕೇಳುತ್ತಾ ಕೂತಿದ್ದೆ.

ಊರಿಗೆ ಬಂದ ಮೇಲೆ ಎಲ್ಲ ಬದಲಾಗಿಹೋಯಿತು ಎಂದು ಹೇಳಲಾರೆ. ಟಿ.ವಿ. ಇದ್ದೇ ಇದೆ, ಜಗಳವೂ ಇದೆ. ಆದರೆ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಇಬ್ಬರೂ ಜಗಲಿಯಲ್ಲಿ ಕೂರುತ್ತೇವೆ. ಮನಸ್ಸಿನಲ್ಲಿ ಏನಿದ್ದರೂ ಅಲ್ಲೇ ಹೇಳುವುದೆಂದು ಮಾತಾಗಿದೆ. ಬಳೆ ಇನ್ನೂ ಮಾಡಿಸಿಲ್ಲ. ಹೊಸ ಚೀಟಿ ಶುರುಮಾಡಿದ್ದೇನೆ.

ಸೋದರಿಯರೇ, ಎಲ್ಲರೂ ಆಸ್ಟ್ರೇಲಿಯಾಕ್ಕೆ ಹೋಗಲು ಆಗದು, ಹೋಗಬೇಕಾಗಿಯೂ ಇಲ್ಲ. ಆಗುಂಬೆಗೆ ಹೋದರೂ ಸಾಕು. ಆದರೆ ಒಂದು ಸಲವಾದರೂ ನೀವಿಬ್ಬರೇ ಹೋಗಿ. ಮುಖ ತಿರುಗಿಸಿ ಹೋಗಲು ಅಂಗಡಿಯೂ ಅಡಿಗೆಮನೆಯೂ ಇಲ್ಲದ ಕಡೆ ನಾಲ್ಕು ದಿನ ಇದ್ದು ಬನ್ನಿ. ಒಬ್ಬರು ಏನು ಅಂದುಕೊಂಡಿದ್ದಾರೆಂದು ಇನ್ನೊಬ್ಬರು ಊಹಿಸುತ್ತಾ ವರ್ಷಗಳನ್ನು ಕಳೆಯಬೇಡಿ. ನಾವು ಹದಿನಾಲ್ಕು ತಿಂಗಳು ಹಾಗೆ ಕಳೆದೆವು.

ಹೋಗುವವರಿಗೆ ನಾಲ್ಕು ಕಿವಿಮಾತು

1. ತಿನ್ನುವ ಪದಾರ್ಥ ಏನೇ ಇರಲಿ, ಕೇಳಿದಾಗ ಮುಚ್ಚಿಡದೆ ಹೇಳಿ. ಹಸಿ ಸೊಪ್ಪು, ಹಣ್ಣು, ಬೀಜ ಒಯ್ಯಲೇಬೇಡಿ.

2. ಏಪ್ರಿಲ್‌ನಲ್ಲಿ ಒಂದೇ ದೇಶದಲ್ಲಿ ಸೆಕೆಯೂ ಇದೆ, ಚಳಿಯೂ ಇದೆ. ನೂಲಿನ ಬಟ್ಟೆ, ಸ್ವೆಟರ್ ಎರಡೂ ಇರಲಿ. ನಡೆಯಲು ಒಳ್ಳೆಯ ಬೂಟು ಬೇಕೇ ಬೇಕು.

3. ಮಾತ್ರೆಗಳನ್ನು ಡಾಕ್ಟರ ಚೀಟಿಯ ಸಮೇತ ಒಯ್ಯಿರಿ. ಪ್ರವಾಸದ ವಿಮೆ ಮಾಡಿಸಿ. ಅಲ್ಲಿ ವೈದ್ಯರ ಖರ್ಚು ಬಹಳ.

4. ಹಣ, ಪಾಸ್‌ಪೋರ್ಟಿನ ವಿವರ, ಹೋಟೆಲಿನ ವಿಳಾಸ ಗಂಡನಿಗೆ ಮಾತ್ರವಲ್ಲ, ನಿಮಗೂ ಗೊತ್ತಿರಲಿ.

ಆನ್ಜಾಕ್ ಬಿಸ್ಕತ್ತು (ಮೊಟ್ಟೆ ಇಲ್ಲದ್ದು)

ಬೇಕಾಗುವ ಸಾಮಾನು: ಓಟ್ಸ್ 1 ಬಟ್ಟಲು, ಮೈದಾ 1 ಬಟ್ಟಲು, ಒಣ ಕೊಬ್ಬರಿ ತುರಿ ಮುಕ್ಕಾಲು ಬಟ್ಟಲು, ಸಕ್ಕರೆ ಮುಕ್ಕಾಲು ಬಟ್ಟಲು, ಬೆಣ್ಣೆ 125 ಗ್ರಾಂ, ಜೋನಿಬೆಲ್ಲ 2 ದೊಡ್ಡ ಚಮಚ, ಅಡಿಗೆ ಸೋಡಾ ಅರ್ಧ ಚಿಕ್ಕ ಚಮಚ, ಕುದಿಯುವ ನೀರು 2 ದೊಡ್ಡ ಚಮಚ.

ಮಾಡುವ ವಿಧಾನ: ಓಟ್ಸ್, ಮೈದಾ, ಕೊಬ್ಬರಿ, ಸಕ್ಕರೆ ಬೆರೆಸಿಡಿ. ಬೆಣ್ಣೆ, ಜೋನಿಬೆಲ್ಲ ಸಣ್ಣ ಉರಿಯಲ್ಲಿ ಕರಗಿಸಿ. ಸೋಡಾವನ್ನು ಕುದಿಯುವ ನೀರಿನಲ್ಲಿ ಕದಡಿ ಅದಕ್ಕೆ ಹಾಕಿ. ನೊರೆ ಏಳುತ್ತದೆ. ಕೂಡಲೇ ಹಿಟ್ಟಿಗೆ ಸುರಿದು ಕಲಸಿ. ನಿಂಬೆಗಾತ್ರದ ಉಂಡೆ ಮಾಡಿ, ಸ್ವಲ್ಪ ಚಪ್ಪಟೆ ಮಾಡಿ, ದೂರದೂರ ಇಟ್ಟು 160 ಡಿಗ್ರಿ ಶಾಖದಲ್ಲಿ 15 ನಿಮಿಷ, ಹೊಂಬಣ್ಣ ಬರುವವರೆಗೆ ಬೇಯಿಸಿ. ಬಿಸಿಯಿರುವಾಗ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಗರಿ. ಅಲ್ಲಿ ಗೋಲ್ಡನ್ ಸಿರಪ್ ಎಂಬ ಸಕ್ಕರೆಯ ಪಾಕ ಹಾಕುತ್ತಾರೆ. ನಮ್ಮ ಮಲೆನಾಡಿನ ಜೋನಿಬೆಲ್ಲದಲ್ಲಿ ಇನ್ನೂ ರುಚಿ. ಇದು ನನ್ನ ಮಾತಲ್ಲ, ನಮ್ಮವರ ಮಾತು!